ಅಜ್ಜಿ ಹೇಳದ ಅರ್ಧ

ಧರ್ಮ ನೋಡಿ ಒಬ್ಬೊಬ್ಬರನ್ನೇ ಕೊಲ್ಲುವ ಸರಣಿ ಹಂತಕನನ್ನು ಹುಚ್ಚನೆಂದು ಕರೆದು ನಾವು ನಿರಾಳವಾಗುತ್ತೇವೆ. ಊರಿಗೆ ಊರೇ ಹಾಗೆ ಕೊಂದಿದ್ದರೆ?

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯ ನಮ್ಮ ಶಾಲೆಯಲ್ಲಿ ಧ್ವಜ ಹಾರಿಸಿದ ಮೇಲೆ ರಜಾಕಾರರ ಕಥೆ ಹೇಳುತ್ತೇನೆ. ಕಾಸಿಂ ರಜ್ವಿ, 1948ರ ಗೋರಟಾ ಹತ್ಯಾಕಾಂಡ. ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅದೇ ವರ್ಷ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೂ ಅನಂತರವೂ ಸೇಡಿಗೆ ಬಲಿಯಾದವರು ಬಹುಪಾಲು ಮುಸ್ಲಿಮರು. 27,000ದಿಂದ 40,000 ಜನ ಸತ್ತರೆಂದು ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ವರದಿ ಮಾತ್ರ ದಶಕಗಳ ಕಾಲ ಕಪಾಟಿನಲ್ಲೇ ಇತ್ತು.

ಕಮಲಾಪುರದ ನನ್ನ ಅಜ್ಜಿ ರಜಾಕಾರರಿಗೆ ಹೆದರಿ ಜೋಳದ ಹೊಲದಲ್ಲಿ ಅಡಗಿದ್ದನ್ನು ನೂರು ಸಲ ಹೇಳಿದ್ದಳು. ನೆರೆಮನೆಯ ಪಿಂಜಾರರು ಏನಾದರೆಂದು ಕೇಳಿದರೆ, "ಹ್ವಾದ್ರವ್ವಾ" ಎಂದು ಒಲೆಯ ಕಡೆ ತಿರುಗುತ್ತಿದ್ದಳು.

ಕಳೆದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಆಮ್ಯಾಗ ಏನಾಯ್ತ್ರೀ ಟೀಚರ್?"

ನಾನೂ ಕಪ್ಪುಹಲಗೆಯ ಕಡೆ ತಿರುಗಿದೆ.