ಊರಿಗೆ ಮರಳಿದ ದೊರೆ

ಪ್ರಾಚೀನ ಮೆಸೊಪೊಟೇಮಿಯಾದ ವೀರಕಾವ್ಯದ ನಾಯಕ, ಉರುಕ್ ನಗರದ ದೊರೆ ಗಿಲ್ಗಮೇಶನ ಕಥೆ ಹೇಳುವವರು ಸಾಮಾನ್ಯವಾಗಿ ಅವನ ಸಾಹಸಗಳಲ್ಲೇ ಕಾಲ ಕಳೆಯುತ್ತಾರೆ. ದೇವದಾರು ಕಾಡಿನ ಕಾವಲುಗಾರ ಹುಂಬಾಬನನ್ನು ಕೊಂದದ್ದು, ಇಶ್ತಾರ್ ದೇವಿಯನ್ನೇ ಒಲ್ಲೆನೆಂದದ್ದು, ಆಕೆ ಸಿಟ್ಟಿನಿಂದ ಇಳಿಸಿದ ಸ್ವರ್ಗದ ಗೂಳಿಯನ್ನು ಕೆಡವಿದ್ದು. ನನಗೆ ಮಾತ್ರ ಆ ಕಾವ್ಯದ ಜೀವ ಅದರ ಮುಂದಿನ ಭಾಗದಲ್ಲಿದೆ ಅನ್ನಿಸುತ್ತದೆ. ಪ್ರಾಣಸ್ನೇಹಿತ ಎಂಕಿಡು ಹಾಸಿಗೆ ಹಿಡಿದು ಸಾಯುತ್ತಾನೆ. ಹೆಣದ ಮೂಗಿನಿಂದ ಹುಳು ಉದುರುವ ತನಕ ಗಿಲ್ಗಮೇಶ್ ಅವನನ್ನು ಮಣ್ಣಿಗೆ ಕೊಡುವುದಿಲ್ಲ. ನಾನೂ ಹೀಗೇ ಹೋಗಬೇಕಲ್ಲ ಎಂಬ ದಿಗಿಲು ಹತ್ತಿ, ಪ್ರಾಣಿಯ ತೊಗಲು ಹೊದ್ದು, ಸಾವು ಗೆದ್ದವನನ್ನು ಹುಡುಕುತ್ತ ಹೊರಡುತ್ತಾನೆ.

ಅವನು ತಲುಪುವುದು ಮಹಾಪ್ರಳಯದಲ್ಲಿ ಉಳಿದುಕೊಂಡ ಉತ್ನಪಿಶ್ತಿಮ್ ಎಂಬ ಮುದುಕನನ್ನು. ಸಾವನ್ನು ಗೆಲ್ಲುವ ಮೊದಲು ನಿದ್ದೆಯನ್ನು ಗೆಲ್ಲು, ಆರು ಹಗಲು ಏಳು ರಾತ್ರಿ ಎಚ್ಚರವಿರು ಎನ್ನುತ್ತಾನೆ ಮುದುಕ. ಕುಳಿತ ಕೂಡಲೇ ವೀರನಿಗೆ ನಿದ್ದೆ ಹತ್ತುತ್ತದೆ. ಎಬ್ಬಿಸಿದರೆ ಮಲಗಲೇ ಇಲ್ಲ ಎಂದಾನೆಂದು, ಮುದುಕನ ಹೆಂಡತಿ ದಿನಕ್ಕೊಂದು ರೊಟ್ಟಿ ಸುಟ್ಟು ಅವನ ತಲೆಯ ಬಳಿ ಇಡುತ್ತಾಳೆ, ಗೋಡೆಯ ಮೇಲೆ ಗುರುತು ಹಾಕುತ್ತಾಳೆ. ಎಚ್ಚರಾದಾಗ ಮೊದಲ ದಿನದ್ದು ನಮ್ಮ ಕಟಿರೊಟ್ಟಿಯ ಹಾಗೆ ಸೆಟೆದಿದೆ. ಮುಂದಿನವು ಒಂದು ತೊಗಲಾಗಿದೆ, ಒಂದು ಹಸಿಯೊಡೆದಿದೆ, ಒಂದಕ್ಕೆ ಬೂಸಲು ಬಂದಿದೆ. ಏಳನೆಯದು ಇನ್ನೂ ಕೆಂಡದ ಮೇಲಿದೆ. ಮೂರರಲ್ಲಿ ಎರಡು ಪಾಲು ದೇವರೇ ಆಗಿದ್ದ ದೊರೆಯ ಎದುರು ಸಾಕ್ಷಿ ನುಡಿದದ್ದು ಒಬ್ಬ ಹೆಣ್ಣುಮಗಳು ಸುಟ್ಟ ರೊಟ್ಟಿ! ಜಗತ್ತಿನ ಎಷ್ಟು ವೀರಕಾವ್ಯಗಳಲ್ಲಿ ಒಲೆಗೆ ಇಂಥ ಮರ್ಯಾದೆ ಸಿಕ್ಕಿದೆ?

ಕೊನೆಗೆ ಕೈಗೆ ಸಿಕ್ಕ ಯೌವನದ ಗಿಡವನ್ನೂ, ಅವನು ಕೊಳದಲ್ಲಿ ಮೀಯುವಾಗ, ಹಾವು ಎತ್ತಿಕೊಂಡು ಹೋಗುತ್ತದೆ. ಕುಳಿತು ಅಳುತ್ತಾನೆ. ಆಮೇಲೆ ದೋಣಿಯವನ ಜೊತೆ ಊರಿಗೆ ಬಂದು, ಉರುಕ್ ನಗರದ ಕೋಟೆಯನ್ನು ಹತ್ತಿ ನೋಡು, ಇಟ್ಟಿಗೆ ಎಷ್ಟು ಚೆನ್ನಾಗಿ ಸುಟ್ಟಿದೆ ಪರೀಕ್ಷಿಸು ಎನ್ನುತ್ತಾನೆ. ಕಥೆ ಶುರುವಾದದ್ದೂ ಅದೇ ಗೋಡೆಯ ವರ್ಣನೆಯಿಂದ. ಆದರೆ ಆಗ ಅವನು ಪ್ರಜೆಗಳನ್ನು ಗೋಳು ಹುಯ್ದುಕೊಳ್ಳುತ್ತಿದ್ದ ದೊರೆ. ಈಗ ಬರಿಗೈಯಲ್ಲಿ ಬಂದವನು.

ಈ ಕಥೆಯನ್ನು ಕೆತ್ತಿದ ಮಣ್ಣಿನ ಹಲಗೆಗಳು ನಿನೆವೆಯ ದೊರೆ ಅಶುರ್ಬಾನಿಪಾಲನ ಗ್ರಂಥಾಲಯದ ಅವಶೇಷಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹೂತುಹೋಗಿದ್ದವು. ಹೊರಗೆ ತೆಗೆದದ್ದು 1850ರ ದಶಕದಲ್ಲಿ. 1872ರಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸ ಅವುಗಳೊಳಗಿನ ಪ್ರಳಯದ ಕಥೆ ಓದಿ ಹೇಳಿದಾಗ ಲೋಕ ಬೆರಗಾಯಿತು.

ಇಷ್ಟು ದೂರದ ಕಥೆಯನ್ನು ನಮ್ಮ ಮಸ್ಕಿ ಸೀಮೆಯ ಪಾಮನಕಲ್ಲೂರಿನವರಿಗೆ ಹೇಳಬೇಕೆನ್ನಿಸಲು ಕಾರಣ ಮಸ್ಕಿಯ ಕಲ್ಲು. 1915ರಲ್ಲಿ ನಿಜಾಮರ ಸೀಮೆಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನ ಕಣ್ಣಿಗೆ ಅಲ್ಲಿನ ಬೆಟ್ಟದ ಬಂಡೆಯ ಮೇಲಿನ ಬ್ರಾಹ್ಮಿ ಬರಹ ಬಿತ್ತು. ಅದುವರೆಗಿನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕಂಡಿದ್ದ ದೊರೆಯ ಜೊತೆ ಅಶೋಕ ಎಂಬ ಹೆಸರು ಇಲ್ಲಿ ಕಂಡಿತು. ನಮ್ಮ ಮಕ್ಕಳು ಪರೀಕ್ಷೆಗೆ ಕಲಿಯುವುದು ಇಷ್ಟನ್ನೇ. ಆ ಬಂಡೆ ಏನು ಹೇಳುತ್ತದೆ ಎಂಬುದನ್ನು ಕಲಿಯುವುದಿಲ್ಲ, ನನಗೆ ಬೇಸರವಾಗುವುದು ಅದಕ್ಕೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು ಎನ್ನುವ ದೊರೆ, ದೇವತೆಗಳ ಜೊತೆ ಬೆರೆಯುವ ಭಾಗ್ಯ ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ದಕ್ಕುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಿ ಎಂದು ಅಲ್ಲಿ ಬರೆಸಿದ್ದಾನೆ.

ಉರುಕ್‌ಗೂ ಮಸ್ಕಿಗೂ ನಂಟು ಕಟ್ಟಲು ನಾನು ಹೊರಟಿಲ್ಲ. ನನ್ನ ಮಾತು ಇಷ್ಟೇ: ದೊರೆಗಳ ಕಥೆಯಾಗಿದ್ದ ವೀರನ ಪಯಣವನ್ನು ಸಣ್ಣವನಿಗೂ ಬಿಟ್ಟುಕೊಟ್ಟ ಮಾತು ನಮ್ಮ ನೆಲದ ಕಲ್ಲಿನಲ್ಲಿದೆ. ಆ ಸಣ್ಣವರ ಪಯಣ ನಮ್ಮಲ್ಲೇ ಇದೆ. ಕಾಲುವೆ ನೀರು ಹತ್ತದ ನಮ್ಮ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಕೂಸು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮುದುಕರು ಮನೆ ಕಾಯುತ್ತಾರೆ. ಹೋದವರು ಯಾರದೋ ಕಟ್ಟಡಕ್ಕೆ ಇಟ್ಟಿಗೆ ಹೊರುತ್ತಾರೆ, ಮೊಹರಮ್ಮಿಗೋ ಜಾತ್ರೆಗೋ ಊರು ಮುಟ್ಟುತ್ತಾರೆ. ಆ ಕಟ್ಟಡಗಳ ಗೋಡೆಯನ್ನು ತೋರಿಸಿ, ಇದು ನಾನು ಕಟ್ಟಿದ್ದು, ಹತ್ತಿ ನೋಡು ಎಂದು ಹೇಳುವ ಹಕ್ಕು ಅವರಿಗೆ ಇದ್ದೇ ಇದೆ. ಹಾಗೆ ಹೇಳಲು ಅವರನ್ನು ಒಳಗೆ ಬಿಡುವವರು ಬೇಕು.

ಶಾಲೆಯ ಮಕ್ಕಳನ್ನು ಮಸ್ಕಿ ಬೆಟ್ಟಕ್ಕೆ ಕರೆದೊಯ್ಯುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಅಶೋಕನ ಹೆಸರು ತೋರಿಸಿದ ಮೇಲೆ ಕೂಡಲೇ ಬಸ್ಸು ಹತ್ತಿಸಬೇಡಿ. ಸಣ್ಣವರ ಬಗ್ಗೆ ಅಲ್ಲಿ ಬರೆದಿರುವ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಿ. ಕೇಳುವ ಮಕ್ಕಳಲ್ಲಿ ಕೆಲವರ ಅವ್ವ ಅಪ್ಪ ಆಗ ಬೆಂಗಳೂರಲ್ಲಿರುತ್ತಾರೆ.