ಬಣ್ಣದಡಿಯ ಬಿರುಕು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಗೂಡಿನ ರಾಶಿಯೊಳಗೆ ಕೈಯಾಡಿಸಿ ನೋಡಿದ ಬಳಿಕವೇ ಬೆಲೆ ಕಟ್ಟುತ್ತಾರೆ. ಮನೆ ಕೊಳ್ಳುವವನಿಗೆ ಆ ಅನುಕೂಲವಿಲ್ಲ.

2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಲಘು ಭೂಕಂಪನಗಳು ದಾಖಲಾದವು. ಅಂಥ ಕಂಪನಕ್ಕೆ ಬಿರುಕು ಬಿಟ್ಟ ಗೋಡೆಗೆ ಸಿಮೆಂಟು ಮೆತ್ತಿ, ಬಣ್ಣ ಹೊಡೆದು ಮಾರಿದರೆ ಕೊಳ್ಳುವವನು ಗುರುತಿಸುವುದಾದರೂ ಹೇಗೆ? ಗೌರಿಬಿದನೂರು, ಚಿಂತಾಮಣಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್ ನೀರೂ ಹಾಗೆಯೇ. ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ.

ಮಾರುವವನಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವನಿಗೆ ಕಾಣದ ಮುಖ್ಯ ದೋಷವನ್ನು ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ‘ನಿನಗೆ ಗೊತ್ತಿತ್ತು’ ಎಂದು ಸಾಬೀತುಪಡಿಸುವ ಹೊರೆ ಮೋಸಹೋದವನ ತಲೆಗೇ ಬೀಳುತ್ತದೆ. ಹೊಸ ಅಪಾರ್ಟ್‌ಮೆಂಟಿನ ಬಿಲ್ಡರು ಕಟ್ಟಡದ ದೋಷಕ್ಕೆ ಐದು ವರ್ಷ ಹೊಣೆಯೆನ್ನುವ 2016ರ ರೇರಾ ಕಾಯ್ದೆ, ಕೈಯಿಂದ ಕೈಗೆ ಹೋಗುವ ಹಳೆಯ ಮನೆಗೆ ಒದಗುವುದಿಲ್ಲ.

ಒಣ ಧಾನ್ಯದ ಕೆಳಗೆ ಒದ್ದೆ ಧಾನ್ಯವಿಟ್ಟಿದ್ದ ವ್ಯಾಪಾರಿಯನ್ನು ಪ್ರವಾದಿ ಮುಹಮ್ಮದ್(ಸ)ರು ಪ್ರಶ್ನಿಸಿದಾಗ, ಮಳೆಗೆ ನೆನೆಯಿತೆಂದು ಆತ ಹೇಳಿದ. ಅದು ಸುಳ್ಳೆಂದು ಪ್ರವಾದಿಯವರು ಹೇಳಲಿಲ್ಲ. ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದಷ್ಟೇ ಕೇಳಿದರು. ಮಳೆ ಅವನ ತಪ್ಪಲ್ಲ. ಭೂಕಂಪವೂ ಮನೆಯೊಡೆಯನ ತಪ್ಪಲ್ಲ.

ನಮ್ಮನ್ನು ನಿಜವಾಗಿ ಕಾಡುವುದು ಮೋಸಹೋಗಿ ಕೊಂಡವನ ಪಾಡು. ಜೀವಮಾನದ ಉಳಿತಾಯ ಗೋಡೆಯೊಳಗೆ ಸಿಕ್ಕಿಬಿದ್ದಿದೆ. ಕೋರ್ಟಿಗೆ ಅಲೆಯುವ ಶಕ್ತಿಯಿಲ್ಲ. ಅವನೂ ಬಣ್ಣ ಹೊಡೆದು ಮಾರಿಬಿಟ್ಟರೆ? ಆ ಆಸೆ ನಮಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆವು. ಅವನ ಲೆಕ್ಕ ಇರುವುದು ತನಗೆ ಮಾರಿದವನೊಂದಿಗೆ. ಮುಂದೆ ಬರುವ ಸಂಸಾರ ಅವನಿಗೇನೂ ಬಾಕಿಯಿಲ್ಲ. ಬಿರುಕು ತೋರಿಸಿದರೆ ಬೆಲೆಯಲ್ಲಿ ಒಂದೆರಡು ಲಕ್ಷ ಇಳಿದೀತು. ಇಳಿಯಲಿ.