ಗಿಣ್ಣದ ಹಾಲು ಯಾರ ಪಾಲು?

ಹಸು ಈದ ಮನೆಯಿಂದ ನೆರೆಯವರಿಗೆ ಗಿಣ್ಣದ ಹಾಲು ಹೋಗುವದು ನಮ್ಮ ಹಳ್ಳಿಗಳಲ್ಲಿ ಬಹುಕಾಲದ ಮರ್ಯಾದೆಯಾಗಿದೆ. ಕೊಡದವನನ್ನು ಜಿಪುಣನೆನ್ನುತ್ತಾರೆ. ಆದರೆ ಪ್ರಿಯ ವಾಚಕರೇ, ಕೊಡುವವನು ತನ್ನದನ್ನು ಕೊಡುತ್ತಾನೋ, ಬಾಯಿಲ್ಲದ ಇನ್ನೊಂದು ಜೀವದ್ದನ್ನು ಕೊಡುತ್ತಾನೋ ಎಂಬದನ್ನು ನಾವು ವಿಚಾರಿಸಿದ್ದುಂಟೋ?

ರೋಗಾಣುಗಳು ಶರೀರದೊಳಗೆ ಹೊಕ್ಕಾಗ ಅವುಗಳನ್ನು ತಡೆಯುವ ಪ್ರತಿಕಾಯಗಳೆಂಬ ಸೂಕ್ಷ್ಮ ವಸ್ತುಗಳು ರಕ್ತದಲ್ಲಿ ಹುಟ್ಟುತ್ತವೆ. ಒಂದು ಶರೀರದಲ್ಲಿ ಹುಟ್ಟಿದ ಈ ರಕ್ಷಣೆಯು ಇನ್ನೊಂದಕ್ಕೂ ಸಲ್ಲುವದೆಂದು 1890ರಲ್ಲಿ ಬರ್ಲಿನ್ ಪಟ್ಟಣದಲ್ಲಿ ಬೇರಿಂಗನೂ ಜಪಾನಿನ ಕಿಟಾಸಾಟೊ ಎಂಬವನೂ ತೋರಿಸಿಕೊಟ್ಟರು. ಧನುರ್ವಾಯುವಿನ ವಿಷವನ್ನು ಜಯಿಸಿದ ಮೊಲದ ರಕ್ತದ ತಿಳಿಯನ್ನು ಅವರು ಸಣ್ಣ ಇಲಿಗಳಿಗೆ ಚುಚ್ಚಿದಾಗ ಇಲಿಗಳೂ ಆ ವಿಷಕ್ಕೆ ಸಾಯದೆ ಉಳಿದವು. ಹಾವು ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧವೂ ಇದೇ ಜಾತಿಯದು. ಅದು ಕುದುರೆಯ ರಕ್ತದಿಂದ ಬಂದದ್ದು. ಇಂಥ ರಕ್ಷಣೆ ಕೂಡಲೇ ಕೆಲಸಕ್ಕೆ ಬರುತ್ತದೆ, ಆದರೆ ಎರವಿನ ಒಡವೆಯಂತೆ ಬಹುಕಾಲ ನಿಲ್ಲುವದಿಲ್ಲ.

ಮನುಷ್ಯರ ಕೂಸು ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳನ್ನು ಪಡೆಯುತ್ತದೆ. ಕರುವಿಗೆ ಆ ಭಾಗ್ಯವಿಲ್ಲ. ಹಸುವಿನ ಮಾಸು ಅವುಗಳನ್ನು ದಾಟಗೊಡುವದಿಲ್ಲವಾದ್ದರಿಂದ ತಾಯಿಯು ಕೊಡತಕ್ಕದ್ದೆಲ್ಲಾ ಗಿಣ್ಣದ ಹಾಲಿನಲ್ಲಿಯೇ ಕೂಡಿರುತ್ತದೆ. ಕರುವಿನ ಕರುಳು ಅದನ್ನು ಕೆಡಿಸದೆ ರಕ್ತಕ್ಕೆ ಸೇರಿಸಿಕೊಳ್ಳುವದು ಹುಟ್ಟಿದಂದಿನಿಂದ ಸುಮಾರು 24 ತಾಸು ಮಾತ್ರ. ಮೊದಲ 6 ತಾಸು ಬಹು ಮುಖ್ಯ, ಆಮೇಲೆ ಆ ಬಾಗಲು ಮುಚ್ಚುತ್ತಾ ಬರುತ್ತದೆ. ಕರುವಿನ ತೂಕದ ಹತ್ತನೇ ಒಂದು ಪಾಲು ಹಾಲು ಬೇಕು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು, ಎರಡು ಮೂರು ಸಾರಿಯಾಗಿ.

ಮಾಸು ಬೀಳುವ ತನಕ ಕರುವನ್ನು ಬಿಡಬಾರದೆಂದೂ ಗಿಣ್ಣು ಕುಡಿದರೆ ಭೇದಿಯಾಗುವದೆಂದೂ ಹೇಳುವವರುಂಟು. ಮಾಸು ತಡವಾಗಿ ಬಿದ್ದರೆ ಕರುವಿನ ಗತಿಯೇನು? ಗಿಣ್ಣು ಸಾಲದ ಕರುವೇ ಹೆಚ್ಚಾಗಿ ಭೇದಿಯಿಂದ ಸಾಯುತ್ತದೆ. (ಬಾಣಂತಿಯ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಕೂಸಿಗೆ ಸಕ್ಕರೆ ನೀರು ನೆಕ್ಕಿಸುವ ಮನೆಗಳಿಗೂ ಈ ಮಾತು ತಾಗಲಿ, ಆ ಹಾಲಿನ ಪ್ರತಿಕಾಯಗಳು ಕೂಸಿನ ಕರುಳಿಗೆ ಕಾವಲಿರುತ್ತವೆ.)

ಹಾಗಾದರೆ ನೆರೆಯವರಿಗೆ ಕೊಡುವದು ಧರ್ಮವಲ್ಲವೋ ಎಂದು ಕೇಳಬಹುದು. ತಬ್ಬಲಿಯ ಹೊಲವನ್ನು ನೋಡಿಕೊಳ್ಳುವವನು ಆ ಹೊಲದ ರಾಗಿಯಿಂದ ಊರಿಗೆಲ್ಲಾ ಊಟ ಹಾಕಿದರೆ ಅವನನ್ನು ಉದಾರಿಯೆಂದು ಹೊಗಳುವೆವೋ? ಗಿಣ್ಣು ನಮಗೆ ಬಾಯಿರುಚಿ, ಕರುವಿಗೆ ಪ್ರಾಣ. ಹಸು ನಮ್ಮದು, ಹುಲ್ಲು ನಮ್ಮದು, ನಿಜ; ಆದರೂ ಆ ಮೊದಲ ಹಾಲನ್ನು ಹಸುವಿನ ಶರೀರವು ಸಿದ್ಧಪಡಿಸಿದ್ದು ನಮಗಾಗಿ ಅಲ್ಲ.

ಕರು ಹೆಣ್ಣಾದರೆ ಈ ವಾದವೇ ಬೇಡ. ಮುಂದೆ ಕರೆಯುವ ಆಶೆಯಿಂದಲಾದರೂ ಕುಡಿಸುವೆವು. ಗಂಡುಕರುವಾದರೆ, ಅದರಲ್ಲೂ ಯಂತ್ರದಿಂದ ಉಳುವ ಈ ದಿನಗಳಲ್ಲಿ, ಅದನ್ನು ಗೂಟಕ್ಕೆ ಕಟ್ಟಿ ಹಸಿದು ಸಾಯಬಿಡುವದು ಅಪರೂಪವಲ್ಲ. ಲಾಭವಿಲ್ಲದ ಜೀವಕ್ಕೆ ಅದರ ಪಾಲು ಸಲ್ಲುವದೋ ಇಲ್ಲವೋ ಎಂಬದು ಅಲ್ಲಿಯೇ ಕಾಣಬರುವದು. ಅದಕ್ಕೂ ಸಲ್ಲಬೇಕೆಂದೇ ನನ್ನ ಅಭಿಪ್ರಾಯ.

ನೆರೆಯವರು ಒಂದು ದಿನ ತಡೆಯಲಿ. ಎರಡನೆಯ ದಿನದ ಹಾಲೂ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದರೆ ಗಟ್ಟಿಯಾಗುತ್ತದೆ.